ಮೋಟಾರು ಯಂತ್ರದ ಗಾಢಮಿಶ್ರಣ: ಒಂದು ದೋಷದ ಇತಿಹಾಸ

ಲಾಂದ್ರವನ್ನು ಹಚ್ಚಿ ಬಲ್ಲವರೆಲ್ಲರೂ ಒಂದು ಸಂಗತಿಯನ್ನು ಅರಿತಿರುವರು. ಬತ್ತಿಯನ್ನು ಅಳತೆ ಮೀರಿ ಏರಿಸಿದರೆ ಬೆಳಕು ಹೆಚ್ಚುವುದಿಲ್ಲ. ಉರಿಯು ಕೆಂಪಗಾಗಿ, ಗಾಜು ಮಸಿ ಹಿಡಿದು, ಎಣ್ಣೆ ಮಾತ್ರ ಬೇಗ ತೀರುವುದು. ಎಣ್ಣೆಗೆ ತಕ್ಕಷ್ಟು ಗಾಳಿಯು ದೊರೆಯದಿರುವುದೇ ಇದಕ್ಕೆ ಕಾರಣ. ಹಳೆಯ ಮೋಟಾರು ಬಂಡಿಗಳ ಯಂತ್ರದಲ್ಲಿಯೂ ಇದೇ ದೋಷವು ಸಂಭವಿಸುವುದುಂಟು. ಗಾಳಿಗಿಂತ ಪೆಟ್ರೋಲಿನ ಪಾಲು ಹೆಚ್ಚಾದಾಗ ಬಂಡಿಯು ‘ರಿಚ್ ಓಡುತ್ತಿದೆ’ ಎಂದು ಮೆಕ್ಯಾನಿಕರು ಹೇಳುತ್ತಾರೆ. ಈ ಲೇಖನದಲ್ಲಿ ಅದನ್ನು ಗಾಢಮಿಶ್ರಣವೆಂದೂ, ಇದರ ವಿರುದ್ಧ ಸ್ಥಿತಿಯನ್ನು ತೆಳುಮಿಶ್ರಣವೆಂದೂ ಕರೆಯೋಣ. ನೋಡುವುದಕ್ಕೆ ಇದು ಕಾರ್ಖಾನೆಯ ಕೈಕೆಲಸಕ್ಕೆ ಮಾತ್ರ ಸಂಬಂಧಿಸಿದ ಸಣ್ಣ ವಿಷಯವೆಂದು ತೋರಬಹುದು. ಆದರೆ ಈ ಒಂದು ದೋಷವನ್ನು ಗೆಲ್ಲುವುದಕ್ಕಾಗಿ ಯೂರೋಪ್ ಮತ್ತು ಅಮೆರಿಕಗಳ ಶಿಲ್ಪಿಗಳು ಸುಮಾರು ನೂರು ವರ್ಷಗಳ ಕಾಲ ದುಡಿದರು. ಆ ಶ್ರಮದ ಕಥೆಯನ್ನು ಬಲ್ಲವನಿಗೆ ದೋಷವನ್ನು ಹುಡುಕುವ ಕ್ರಮವೂ ತಾನಾಗಿಯೇ ತಿಳಿಯುವುದು.

ಮೊದಲು ಅಳತೆಯನ್ನು ನೋಡೋಣ. ಒಂದು ತೂಕದ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು ೧೪.೭ ತೂಕದಷ್ಟು ಗಾಳಿಯು ಬೇಕು. ಗಾತ್ರದಲ್ಲಿ ಹೇಳುವುದಾದರೆ, ಒಂದು ಲೀಟರು ಪೆಟ್ರೋಲಿಗೆ ಹೆಚ್ಚುಕಡಿಮೆ ೯,೦೦೦ ಲೀಟರು ಗಾಳಿ! ಹನ್ನೆರಡೂವರೆ ಅಥವಾ ಹದಿಮೂರು ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲು ಕೂಡಿದಾಗ ಯಂತ್ರವು ಅತ್ಯಧಿಕ ಬಲವನ್ನು ಕೊಡುವುದು. ಹದಿನೈದು ಹದಿನಾರು ಪಾಲು ಗಾಳಿಯಾದಾಗ ಮಿತವ್ಯಯವಾಗಿ ಓಡುವುದು. ಎಂಟು ಪಾಲಿನ ಸಮೀಪಕ್ಕೆ ಇಳಿದರೆ ಮಿಶ್ರಣಕ್ಕೆ ಕಿಡಿ ತಾಗಿದರೂ ಅದು ಹತ್ತಿಕೊಳ್ಳುವುದೇ ಕಷ್ಟ. ಈ ಕಿರಿದಾದ ಮೇರೆಯೊಳಗೆ, ಚಳಿಯಲ್ಲಿ ಸೆಕೆಯಲ್ಲಿ, ಏರಿನಲ್ಲಿ ಇಳಿಜಾರಿನಲ್ಲಿ, ನಿಂತಾಗಲೂ ಓಡುವಾಗಲೂ ಮಿಶ್ರಣದ ಹದವನ್ನು ಕಾಯುವುದೇ ಕಾರ್ಬ್ಯುರೇಟರಿನ ಧರ್ಮ.

ಕಾರ್ಲ್ ಬೆಂಟ್ಸ್ ಎಂಬ ಜರ್ಮನ್ ಶಿಲ್ಪಿಯು ೧೮೮೬ನೆಯ ಇಸವಿಯ ಜನವರಿ ೨೯ರಂದು ಪೇಟೆಂಟಿಗೆ ಅರ್ಜಿಯಿಟ್ಟ ಮೂರು ಗಾಲಿಯ ಬಂಡಿಯಲ್ಲಿ ಇಂದಿನ ಅರ್ಥದ ಕಾರ್ಬ್ಯುರೇಟರು ಇರಲಿಲ್ಲ. ಪಾತ್ರೆಯೊಂದರಲ್ಲಿದ್ದ ಇಂಧನದ ಮೇಲೆ ಗಾಳಿಯನ್ನು ಹಾಯಿಸಿ, ಅದರಿಂದೇಳುವ ಆವಿಯನ್ನು ಯಂತ್ರವು ಸೆಳೆದುಕೊಳ್ಳುವಂತೆ ಮಾಡಲಾಗಿತ್ತು. ೧೮೮೮ರ ಆಗಸ್ಟಿನಲ್ಲಿ ಆತನ ಪತ್ನಿ ಬೆರ್ಟಾ ಬೆಂಟ್ಸ್ ತನ್ನ ಇಬ್ಬರು ಮಕ್ಕಳೊಡನೆ ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಇಂತಹ ಬಂಡಿಯಲ್ಲಿಯೇ ನೂರಕ್ಕೂ ಮಿಕ್ಕ ಕಿಲೋಮೀಟರುಗಳ ಪ್ರಯಾಣವನ್ನು ಮಾಡಿದಳು. ದಾರಿಯಲ್ಲಿ ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಇಂಧನವನ್ನು ಕೊಂಡಳು. ಇಂಧನದ ಕೊಳವೆಯು ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಅದನ್ನು ಬಿಡಿಸಿದಳು. ಕಾರ್ಬ್ಯುರೇಷನ್ನಿನ ದೋಷವನ್ನು ದಾರಿಯಲ್ಲಿಯೇ ಪರಿಹರಿಸಿದವರ ಚರಿತ್ರೆಯಲ್ಲಿ ಮೊದಲನೆಯ ಹೆಸರು ಒಬ್ಬ ಗೃಹಿಣಿಯದೆಂಬುದು ನೆನಪಿಡತಕ್ಕ ವಿಷಯ.

ಈ ಆವಿಪಾತ್ರೆಯ ಕುಂದು ಬೇಗನೆ ಗೊತ್ತಾಯಿತು. ಇಂಧನದಲ್ಲಿ ಹಗುರವಾದ ಅಂಶಗಳು ಮೊದಲು ಆವಿಯಾಗುವುವು, ಭಾರವಾದವು ಹಿಂದುಳಿಯುವುವು. ಆದುದರಿಂದ ಪಾತ್ರೆಯನ್ನು ಹೊಸದಾಗಿ ತುಂಬಿದಾಗ ಮಿಶ್ರಣವು ಗಾಢ, ಬರಬರುತ್ತ ತೆಳು. ಬಂಡಿಯ ಕುಲುಕಾಟಕ್ಕೂ ಬಿಸಿಲಿನ ತಾಪಕ್ಕೂ ಅದು ಬದಲಾಗುತ್ತಿತ್ತು. ಇದಕ್ಕೆ ಉಪಾಯವಾಗಿ ಆವಿಯನ್ನು ಬಿಟ್ಟು ಇಂಧನವನ್ನೇ ತುಂತುರಾಗಿ ಗಾಳಿಯಲ್ಲಿ ಬೆರೆಸುವ ವಿಧಾನವು ಹುಟ್ಟಿತು. ಬುಡಾಪೆಸ್ಟ್ ನಗರದ ದೊನಾತ್ ಬಾಂಕಿ ಮತ್ತು ಯಾನೋಶ್ ಚೊಂಕ ಎಂಬವರು ೧೮೯೩ರ ಫೆಬ್ರವರಿಯಲ್ಲಿ ಇಂತಹ ಸಾಧನಕ್ಕೆ ಪೇಟೆಂಟನ್ನು ಕೋರಿದರು. ಅದೇ ವರ್ಷದಲ್ಲಿ ಡೈಮ್ಲರನ ಸಹಚರನಾದ ವಿಲ್‌ಹೆಲ್ಮ್ ಮೈಬಾಖನೂ ಸ್ವತಂತ್ರವಾಗಿ ತನ್ನ ತುಂತುರು ಕಾರ್ಬ್ಯುರೇಟರನ್ನು ರೂಪಿಸಿದನು. ಇದರ ಅಂಗಗಳು ಎರಡು. ಒಂದು, ತೇಲುವ ಬುರುಡೆಯಿಂದ ಪೆಟ್ರೋಲಿನ ಮಟ್ಟವನ್ನು ಸದಾ ಒಂದೇ ಎತ್ತರದಲ್ಲಿರಿಸುವ ಸಣ್ಣ ಕೋಣೆ. ಈ ಬುರುಡೆಗೆ ಫ್ಲೋಟ್ ಎಂದು ಹೆಸರು. ಮತ್ತೊಂದು, ಗಾಳಿಯ ಹಾದಿಯಲ್ಲಿ ನಿಂತ ಸಣ್ಣ ರಂಧ್ರದ ಜೆಟ್. ಪಿಸ್ಟನ್ನು ಕೆಳಗಿಳಿದು ಗಾಳಿಯನ್ನು ಸೆಳೆದಾಗ, ಆ ಸೆಳೆತಕ್ಕೆ ಜೆಟ್ಟಿನಿಂದ ಪೆಟ್ರೋಲು ಚಿಮ್ಮಿ ಗಾಳಿಯೊಡನೆ ಬೆರೆಯುವುದು. ಮುಂದಿನ ನೂರು ವರ್ಷಗಳ ಕಾರ್ಬ್ಯುರೇಟರುಗಳೆಲ್ಲವೂ ಈ ತತ್ತ್ವದ ಸಂತತಿಯೇ.

ಆದರೆ ಈ ಸರಳ ಸಾಧನದ ಹೊಟ್ಟೆಯಲ್ಲಿಯೇ ಗಾಢಮಿಶ್ರಣದ ಬೀಜವಿತ್ತು. ಯಂತ್ರದ ವೇಗವು ಏರಿದಂತೆ ಗಾಳಿಯ ಸೆಳೆತವು ಹೆಚ್ಚುವುದು. ಗಾಳಿಯೂ ಹೆಚ್ಚು ಬರುವುದು, ಪೆಟ್ರೋಲೂ ಹೆಚ್ಚು ಬರುವುದು. ಆದರೆ ಇವೆರಡೂ ಒಂದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ. ಗಾಳಿಯು ಹಿಗ್ಗುವ ವಸ್ತುವಾದುದರಿಂದ ಸೆಳೆತ ಬಲವಾದಷ್ಟೂ ವಿರಳವಾಗುವುದು. ದ್ರವವಾದ ಪೆಟ್ರೋಲು ಹಾಗಾಗುವುದಿಲ್ಲ. ಅಲ್ಲದೆ ಮಂದವಾದ ಸೆಳೆತದಲ್ಲಿ ಪೆಟ್ರೋಲು ಜೆಟ್ಟಿನ ಬಾಯಿಯವರೆಗೆ ಏರುವುದಕ್ಕೇ ಸ್ವಲ್ಪ ಬಲವು ವ್ಯಯವಾಗುವುದು. ಜೋರಾದ ಸೆಳೆತದಲ್ಲಿ ಈ ಅಡ್ಡಿಯು ಲೆಕ್ಕಕ್ಕೆ ಬಾರದು. ಇದರ ಫಲವೇನೆಂದರೆ, ನಿಧಾನದ ಓಟಕ್ಕೆ ಸರಿಯಾಗಿ ಹೊಂದಿಸಿದ ಜೆಟ್ಟು ವೇಗದ ಓಟದಲ್ಲಿ ಅತಿಯಾಗಿ ಉಣಿಸುವುದು. ವೇಗಕ್ಕೆ ಹೊಂದಿಸಿದ್ದು ನಿಧಾನದಲ್ಲಿ ಯಂತ್ರವನ್ನು ಉಪವಾಸ ಕೆಡಹುವುದು.

ಈ ಒಂದು ಸಮಸ್ಯೆಗೆ ಸಿಕ್ಕಿದ ಮೂರು ಉತ್ತರಗಳು ಮೂರು ಮನೋಧರ್ಮಗಳನ್ನು ತೋರಿಸುತ್ತವೆ. ಮೊದಲನೆಯದು ಫ್ರಾನ್ಸಿನ ಆರ್ಥರ್ ಕ್ರೆಬ್ಸನದು. ೧೮೮೪ರಲ್ಲಿ ರನಾರನೊಡನೆ ‘ಲಾ ಫ್ರಾನ್ಸ್’ ಎಂಬ ವಾಯುನೌಕೆಯನ್ನು ನಿರ್ಮಿಸಿ ಹಾರಿಸಿದ್ದ ಈ ಸೇನಾಧಿಕಾರಿಯು ಮುಂದೆ ಪಾನಾರ್ ಮತ್ತು ಲವಾಸೋರ್ ಮೋಟಾರು ಸಂಸ್ಥೆಯ ಆಡಳಿತವನ್ನು ವಹಿಸಿಕೊಂಡನು. ೧೯೦೨ರಲ್ಲಿ ಆತನು ಮಾಡಿದ ಕಾರ್ಬ್ಯುರೇಟರಿನಲ್ಲಿ, ಸೆಳೆತವು ಬಲವಾದಂತೆಲ್ಲ ಹೆಚ್ಚಿನ ಗಾಳಿಯ ಬಾಗಿಲೊಂದು ತಾನಾಗಿಯೇ ತೆರೆದುಕೊಂಡು ಮಿಶ್ರಣವನ್ನು ತೆಳುಗೊಳಿಸುತ್ತಿತ್ತು. ಎರಡನೆಯದು ಲಿಯೋನ್ ನಗರದ ಫ್ರಾಂಸ್ವಾ ಬಾವರೆಯದು. ಆತನು ೧೯೦೬ರಲ್ಲಿ ಒಂದರ ಬದಲು ಎರಡು ಜೆಟ್ಟುಗಳನ್ನು ಇಟ್ಟನು. ಮುಖ್ಯ ಜೆಟ್ಟು ವೇಗ ಹೆಚ್ಚಿದಂತೆ ಗಾಢವಾಗುವುದು. ಮತ್ತೊಂದಕ್ಕೆ ಪೆಟ್ರೋಲು ತೆರೆದ ಬಾವಿಯಂತಹ ಕೋಣೆಯೊಂದರ ಮೂಲಕ ನಿಯತವಾದ ಪ್ರಮಾಣದಲ್ಲಿಯೇ ಬರುವುದರಿಂದ ಅದು ವೇಗ ಹೆಚ್ಚಿದಂತೆ ತೆಳುವಾಗುವುದು. ಒಂದರ ದೋಷವನ್ನು ಮತ್ತೊಂದರ ದೋಷವು ಸರಿದೂಗಿಸಿ, ಒಟ್ಟು ಹದವು ಸಮವಾಗಿ ನಿಲ್ಲುವುದು. ಜೆನಿತ್ ಎಂಬ ಹೆಸರಿನಿಂದ ಇದು ಲೋಕವಿಖ್ಯಾತವಾಯಿತು.

ಮೂರನೆಯ ಉತ್ತರವು ಇಂಗ್ಲೆಂಡಿನ ಸ್ಕಿನ್ನರ್ ಸೋದರರದು. ಇವರು ಪಾದರಕ್ಷೆಯ ವ್ಯಾಪಾರಿಗಳ ಮನೆತನದವರು. ೧೯೦೫ರ ಸುಮಾರಿನಲ್ಲಿ ಜಾರ್ಜ್ ಸ್ಕಿನ್ನರನು ರೂಪಿಸಿದ ಸಾಧನದಲ್ಲಿ ಸೆಳೆತವೇ ಬದಲಾಗದಂತೆ ಏರ್ಪಾಡಿತ್ತು. ಯಂತ್ರವು ಹೆಚ್ಚು ಗಾಳಿಯನ್ನು ಬೇಡಿದಾಗ ಗಾಳಿಯ ಹಾದಿಯೇ ಅಗಲವಾಗುವುದು. ಅದರೊಡನೆಯೇ, ತುದಿಯ ಕಡೆಗೆ ಸಣ್ಣದಾಗುತ್ತ ಹೋಗುವ ಸೂಜಿಯೊಂದು ಜೆಟ್ಟಿನಿಂದ ಮೇಲೇರಿ ತಕ್ಕಷ್ಟು ಪೆಟ್ರೋಲಿಗೆ ಎಡೆಗೊಡುವುದು. ಮೊದಲಿನ ಮಾದರಿಯಲ್ಲಿ ಈ ಏರಿಳಿತಕ್ಕೆ ಚರ್ಮದ ತಿದಿಯನ್ನು ಬಳಸಿದ್ದರು. ಕಾಲಾನಂತರ ಅದರ ಸ್ಥಾನಕ್ಕೆ ಲೋಹದ ಪಿಸ್ಟನ್ ಬಂದಿತು. ‘ಸ್ಕಿನ್ನರ್ ಯೂನಿಯನ್’ ಎಂಬುದರ ಮೊದಲಕ್ಷರಗಳಿಂದ ಎಸ್.ಯು. ಎಂದು ಹೆಸರಾದ ಈ ಕಾರ್ಬ್ಯುರೇಟರಿನ ಕಂಪನಿಯನ್ನು ೧೯೨೬ರಲ್ಲಿ ವಿಲಿಯಂ ಮಾರಿಸನು ಕೊಂಡನು. ಮಾರಿಸ್ ಮತ್ತು ಎಂ.ಜಿ. ಕಾರುಗಳ ಮೂಲಕ ಅದು ಲೋಕವೆಲ್ಲ ಹಬ್ಬಿತು.

ಅಮೆರಿಕದ ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು ಬೇರೊಂದು ದಾರಿ ಹಿಡಿಯಿತು. ೧೯೦೮ರಿಂದ ೧೯೨೭ರವರೆಗೆ ಒಂದೂವರೆ ಕೋಟಿಗೂ ಮಿಕ್ಕಿ ತಯಾರಾದ ಈ ಕಾರಿನಲ್ಲಿ ಹದವನ್ನು ಕಾಯುವ ಹೊಣೆಯು ಚಾಲಕನದೇ. ಆತನ ಮುಂದಿನ ಹಲಗೆಯಿಂದ ಕಾರ್ಬ್ಯುರೇಟರಿನ ಸೂಜಿಗೆ ಸರಳೊಂದು ಹೋಗುತ್ತಿತ್ತು. ತಣ್ಣಗಿರುವ ಯಂತ್ರವನ್ನು ಹೊರಡಿಸುವಾಗ ಅದನ್ನು ಕೊಂಚ ತಿರುಗಿಸಿ ಮಿಶ್ರಣವನ್ನು ಗಾಢಗೊಳಿಸಬೇಕು; ಯಂತ್ರವು ಕಾದ ಮೇಲೆ ಹಿಂದಕ್ಕೆ ತಿರುಗಿಸಿ ತೆಳುಗೊಳಿಸಬೇಕು. ಮೊದಲನೆಯದನ್ನು ಯಾರೂ ಮರೆಯುತ್ತಿರಲಿಲ್ಲ, ಏಕೆಂದರೆ ಮರೆತರೆ ಬಂಡಿ ಹೊರಡುತ್ತಿರಲಿಲ್ಲ. ಎರಡನೆಯದನ್ನು ಮರೆತರೆ ತತ್ಕಾಲಕ್ಕೆ ಯಾವ ತೊಂದರೆಯೂ ಕಾಣುತ್ತಿರಲಿಲ್ಲ.

ಗಾಢಮಿಶ್ರಣದ ಸ್ವಭಾವವೆಲ್ಲ ಇದರಲ್ಲಿಯೇ ಅಡಗಿದೆ. ತೆಳುಮಿಶ್ರಣವು ಕೂಡಲೇ ದೂರು ಹೇಳುವುದು: ಯಂತ್ರವು ಕಾರ್ಬ್ಯುರೇಟರಿನ ಕಡೆಗೆ ಸಿಡಿಯುವುದು, ತಡವರಿಸುವುದು, ಏರಿನಲ್ಲಿ ಸೋಲುವುದು. ತುಸು ಗಾಢವಾದ ಮಿಶ್ರಣವಾದರೋ ಸುಲಭವಾಗಿ ಹೊರಡುವುದು, ನುಣುಪಾಗಿ ಓಡುವುದು, ಬೇರೆ ಅಂಗಗಳ ಸಣ್ಣಪುಟ್ಟ ದೋಷಗಳನ್ನೂ ಮುಚ್ಚುವುದು. ಆದುದರಿಂದ ಚಾಲಕರಿಗೆ ಅದು ಪ್ರಿಯ. ಅದರ ಹಾನಿಯು ಕಣ್ಣಿಗೆ ಬೀಳದ ಕಡೆಗಳಲ್ಲಿ ನಡೆಯುವುದು. ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆಯ ಮೇಲಿನ ಎಣ್ಣೆಯ ಪದರವನ್ನು ತೊಳೆದುಬಿಡುವುದು. ಕೆಳಗಿಳಿದು ಯಂತ್ರದ ಎಣ್ಣೆಯನ್ನು ನೀರಾಗಿಸುವುದು. ಪಿಸ್ಟನ್ ಬಳೆಗಳು ಸವೆಯುವುವು. ಹಿತವೆನಿಸುವ ದೋಷವನ್ನು ಹುಡುಕುವುದು ಅಹಿತವಾದುದನ್ನು ಹುಡುಕುವುದಕ್ಕಿಂತ ಕಷ್ಟವೆಂಬುದು ಯಂತ್ರಗಳಿಗೆ ಮಾತ್ರ ಸಲ್ಲುವ ನಿಯಮವಲ್ಲ.

ಹಾನಿಯು ಯಂತ್ರಕ್ಕೆ ಮಾತ್ರ ನಿಲ್ಲಲಿಲ್ಲ. ಪೆಟ್ರೋಲಿನ ಇಂಗಾಲವು ಸಾಕಷ್ಟು ಆಮ್ಲಜನಕವನ್ನು ಪಡೆಯದೆ ಅರೆಬರೆಯಾಗಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹನ್ನೆರಡಕ್ಕೆ ಒಂದರಂತೆ ಗಾಢವಾದ ಮಿಶ್ರಣವು ಉಗುಳುವ ಹೊಗೆಯಲ್ಲಿ ಈ ವಿಷವು ನೂರಕ್ಕೆ ಐದಾರು ಭಾಗದಷ್ಟಿರುವುದು. ನ್ಯೂಯಾರ್ಕ್ ನಗರದ ಹಡ್ಸನ್ ನದಿಯ ಅಡಿಯಲ್ಲಿ ಎರಡೂವರೆ ಕಿಲೋಮೀಟರಿಗೂ ಉದ್ದವಾದ ಮೋಟಾರು ಸುರಂಗವನ್ನು ಕೊರೆಯಲು ೧೯೨೦ರ ಸುಮಾರಿನಲ್ಲಿ ಹೊರಟಾಗ ಈ ಪ್ರಶ್ನೆಯು ಪ್ರಾಣಾಂತಿಕವಾಗಿ ಎದುರಾಯಿತು. ಅಮೆರಿಕದ ಗಣಿ ಇಲಾಖೆಯವರು ದಾರಿಯಲ್ಲಿ ಓಡುವ ಬಂಡಿಗಳ ಹೊಗೆಯನ್ನು ಹಿಡಿದು ಪರೀಕ್ಷಿಸಿದರು. ಬಹುಪಾಲು ಕಾರ್ಬ್ಯುರೇಟರುಗಳು ಅಗತ್ಯಕ್ಕಿಂತ ಗಾಢವಾಗಿ ಹೊಂದಿಸಲ್ಪಟ್ಟಿದ್ದುವೆಂದೂ, ಪೆಟ್ರೋಲಿನ ಶಕ್ತಿಯಲ್ಲಿ ದೊಡ್ಡದೊಂದು ಪಾಲು ಉರಿಯದೆಯೇ ಹೊರಗೆ ಹೋಗುತ್ತಿದ್ದಿತೆಂದೂ ಕಂಡುಬಂದಿತು. ಯೇಲ್ ವಿಶ್ವವಿದ್ಯಾಲಯದ ಯಾಂಡೆಲ್ ಹೆಂಡರ್ಸನ್ನನು ಮನುಷ್ಯರ ಮೇಲೆಯೇ ಪ್ರಯೋಗ ನಡೆಸಿ, ಹತ್ತು ಸಾವಿರ ಭಾಗ ಗಾಳಿಯಲ್ಲಿ ನಾಲ್ಕು ಭಾಗ ವಿಷವಾಯುವಿದ್ದರೆ ಒಂದು ಗಂಟೆಯ ಕಾಲ ಅಪಾಯವಿಲ್ಲವೆಂದು ನಿರ್ಣಯಿಸಿದನು. ಆ ಲೆಕ್ಕದ ಮೇಲೆ, ೧೯೨೭ರ ನವೆಂಬರಿನಲ್ಲಿ ತೆರೆದ ಹಾಲೆಂಡ್ ಸುರಂಗಕ್ಕೆ ೮೪ ಭಾರಿ ಬೀಸಣಿಗೆ ಯಂತ್ರಗಳನ್ನು ಇಡಬೇಕಾಯಿತು. ಅವು ಒಂದೂವರೆ ನಿಮಿಷಕ್ಕೊಮ್ಮೆ ಒಳಗಿನ ಗಾಳಿಯನ್ನೆಲ್ಲ ಬದಲಿಸುವುವು. ಮನೆಯ ಮುಚ್ಚಿದ ಗ್ಯಾರೇಜಿನಲ್ಲಿ ಇಂತಹ ಬೀಸಣಿಗೆಯಿಲ್ಲವೆಂಬುದನ್ನು ಹಳೆಯ ಕಾರನ್ನು ಇಟ್ಟುಕೊಂಡವರು ಎಂದಿಗೂ ಮರೆಯಬಾರದು.

ಎರಡನೆಯ ಮಹಾಯುದ್ಧದಲ್ಲಿ ಇದೇ ದೋಷವು ಆಕಾಶದಲ್ಲಿ ಕಾಣಿಸಿಕೊಂಡಿತು. ಇಂಗ್ಲೆಂಡಿನ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ಮರ್ಲಿನ್ ಯಂತ್ರಕ್ಕೆ ಇದ್ದುದು ಎಸ್.ಯು. ಕಾರ್ಬ್ಯುರೇಟರೇ. ವೈಮಾನಿಕನು ವಿಮಾನದ ಮೂತಿಯನ್ನು ಥಟ್ಟನೆ ಕೆಳಕ್ಕೆ ತಿರುಗಿಸಿದಾಗ ಪೆಟ್ರೋಲು ಫ್ಲೋಟ್ ಕೋಣೆಯ ಮೇಲಕ್ಕೆ ನೆಗೆದು, ಜೆಟ್ಟು ಬರಿದಾಗಿ, ಯಂತ್ರವು ಒಂದು ಕ್ಷಣ ತಡವರಿಸುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಅನಂತರ: ಸ್ಥಾನ ತಪ್ಪಿದ ಫ್ಲೋಟುಗಳು ಒಳಬರುವ ಬಾಗಿಲನ್ನು ಪೂರ್ತಿಯಾಗಿ ತೆರೆದುಬಿಡುವುದರಿಂದ, ಪಂಪಿನ ಒತ್ತಡಕ್ಕೆ ಪೆಟ್ರೋಲು ಪ್ರವಾಹವಾಗಿ ನುಗ್ಗಿ, ಅತಿಗಾಢ ಮಿಶ್ರಣದಿಂದ ಯಂತ್ರವೇ ನಿಂತುಹೋಗುತ್ತಿತ್ತು. ಎದುರಾಳಿಯಾದ ಜರ್ಮನ್ ವಿಮಾನದ ಯಂತ್ರಕ್ಕೆ ಪೆಟ್ರೋಲನ್ನು ನೇರವಾಗಿ ಚುಚ್ಚುವ ಏರ್ಪಾಡಿದ್ದುದರಿಂದ ಅದಕ್ಕೆ ಈ ಬಾಧೆಯಿರಲಿಲ್ಲ. ಫಾರ್ನ್‌ಬರೋದ ಸಂಶೋಧನಾಲಯದಲ್ಲಿದ್ದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಇಂಜಿನಿಯರ್ ಮಹಿಳೆಯು, ಬ್ರೂಕ್‌ಲಂಡ್ಸ್ ಪಂದ್ಯದ ಹಾದಿಯಲ್ಲಿ ಮೋಟಾರುಸೈಕಲನ್ನು ಗಂಟೆಗೆ ನೂರು ಮೈಲಿಗೂ ಮಿಕ್ಕ ವೇಗದಲ್ಲಿ ಓಡಿಸಿ ಹೆಸರಾಗಿದ್ದವಳು. ಯಂತ್ರದ ಪೂರ್ಣಬಲಕ್ಕೆ ಎಷ್ಟು ಬೇಕೋ ಅಷ್ಟೇ ಪೆಟ್ರೋಲು ಹಾಯುವ ರಂಧ್ರವುಳ್ಳ ಪುಟ್ಟ ಲೋಹದ ತಡೆಯೊಂದನ್ನು ಆಕೆಯು ಕೊಳವೆಯಲ್ಲಿ ಇಟ್ಟಳು. ೧೯೪೧ರ ಆರಂಭದಲ್ಲಿ ತನ್ನ ಸಣ್ಣ ತಂಡದೊಡನೆ ವಿಮಾನ ನೆಲೆಗಳನ್ನು ಸುತ್ತಿ ಅದನ್ನು ಕೂಡಿಸಿದಳು. ದೋಷವು ಸಂಪೂರ್ಣವಾಗಿ ತೊಲಗಿದುದು ಒತ್ತಡದ ಕಾರ್ಬ್ಯುರೇಟರು ಬಂದ ಮೇಲೆಯೇ. ಆದರೂ ಯುದ್ಧದ ಕಠಿನ ಕಾಲದಲ್ಲಿ ಯಂತ್ರವು ನಿಲ್ಲದಂತೆ ಕಾಪಾಡಿದುದು ಈ ಪುಟ್ಟ ತಡೆ. ಶಿಲ್ಲಿಂಗಳ ಮಾರ್ಗವು ನಮಗೂ ಪಾಠ: ಆಕೆಯು ಜೆಟ್ಟನ್ನು ಮುಟ್ಟಲಿಲ್ಲ, ಹೆಚ್ಚಿನ ಪೆಟ್ರೋಲು ಎಲ್ಲಿಂದ ಬರುತ್ತಿದೆಯೆಂದು ಕೇಳಿದಳು.

ನಮ್ಮ ನಾಡಿನಲ್ಲಿಯೂ ಕಾರ್ಬ್ಯುರೇಟರಿನ ಬಳಕೆಯು ದೀರ್ಘಕಾಲ ನಡೆಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೦ರ ದಶಕದಲ್ಲಿ ತಯಾರಾದ ಮೋಟಾರುಸೈಕಲುಗಳನ್ನು ಹತ್ತಿದವರು, ಹೊರಡುವ ಮುನ್ನ ಕಾರ್ಬ್ಯುರೇಟರಿನ ಮೇಲಿನ ಪುಟ್ಟ ಗುಂಡಿಯನ್ನು ಒತ್ತಿ ಪೆಟ್ರೋಲು ಜಿನುಗುವವರೆಗೆ ಕಾಯುತ್ತಿದ್ದುದನ್ನು ಬಲ್ಲರು. ಅದು ಬೇಕೆಂದೇ ಕ್ಷಣಕಾಲ ಮಾಡಿಕೊಳ್ಳುವ ಗಾಢಮಿಶ್ರಣ. ಘಟ್ಟವನ್ನೇರುವ ಬಂಡಿಗಳಿಗಾದರೋ ಅದು ಬೇಡವೆಂದರೂ ಒದಗುತ್ತಿತ್ತು. ಮಂಗಳೂರಿನ ಕಡಲತೀರದಿಂದ ಮಡಿಕೇರಿಯ ಎತ್ತರಕ್ಕೆ ಏರುವಷ್ಟರಲ್ಲಿ ಗಾಳಿಯು ಸುಮಾರು ನೂರಕ್ಕೆ ಹತ್ತು ಭಾಗದಷ್ಟು ವಿರಳವಾಗುವುದು. ಸರಳ ಕಾರ್ಬ್ಯುರೇಟರಿನಲ್ಲಿ ಮಿಶ್ರಣವು ಅದರ ಅರ್ಧದಷ್ಟು, ಎಂದರೆ ನೂರಕ್ಕೆ ಐದರಷ್ಟು ಗಾಢವಾಗುವುದು. ಬಂಡಿಯಲ್ಲಿ ಯಾವ ಕೆಡುಕೂ ಇಲ್ಲದೆಯೇ ಬರುವ ದೋಷವಿದು.

ಇಷ್ಟು ಚರಿತ್ರೆಯನ್ನು ತಿಳಿದ ಮೇಲೆ ಹಳೆಯ ಕಾರಿನಲ್ಲಿ ಗಾಢಮಿಶ್ರಣವನ್ನು ಹುಡುಕುವ ಕ್ರಮವನ್ನು ಹೇಳಬಹುದು. ಮೊದಲನೆಯದಾಗಿ ಲಕ್ಷಣ. ಹೊಗೆಯು ಕಪ್ಪಾದರೆ ಪೆಟ್ರೋಲಿನದು. ನೀಲಿಯಾದರೆ ಯಂತ್ರದ ಎಣ್ಣೆಯದು. ಎರಡನ್ನೂ ಒಂದೆಂದು ಭ್ರಮಿಸಬಾರದು. ಪ್ಲಗ್ಗನ್ನು ಬಿಚ್ಚಿ ನೋಡಿದರೆ ಗಾಢಮಿಶ್ರಣದಲ್ಲಿ ಕಾಡಿಗೆಯಂತಹ ಒಣ ಮಸಿಯಿರುವುದು. ಜಿಡ್ಡಾದ ಮಸಿಯು ಎಣ್ಣೆಯನ್ನು ಸೂಚಿಸುವುದು. ಎರಡನೆಯದಾಗಿ ಕಿಡಿ. ಕಿಡಿಯು ದುರ್ಬಲವಾದರೂ ಪ್ಲಗ್ಗು ಕಪ್ಪಾಗುವುದು. ಆದುದರಿಂದ ಕಾರ್ಬ್ಯುರೇಟರಿನ ಮೇಲೆ ಅಪವಾದವನ್ನು ಹೊರಿಸುವ ಮುನ್ನ ಕಿಡಿಯನ್ನು ಪರೀಕ್ಷಿಸಬೇಕು. ಮೂರನೆಯದಾಗಿ ಗಾಳಿ. ಧೂಳು ಕಟ್ಟಿದ ಸೋಸುಕವೂ, ಪೂರ್ತಿ ತೆರೆಯದ ಚೋಕೂ ಗಾಳಿಯನ್ನು ತಡೆಯುವುವು. ಎಸ್.ಯು. ಸಾಧನದಲ್ಲಿ ಚೋಕನ್ನು ಎಳೆದರೆ ಜೆಟ್ಟೇ ಕೆಳಗಿಳಿಯುವುದು. ತಂತಿಯು ಬಿಗಿದು ಜೆಟ್ಟು ಮತ್ತೆ ಮೇಲೇರದಿದ್ದರೆ ಬಂಡಿಯು ದಿನವೆಲ್ಲ ಗಾಢವಾಗಿಯೇ ಓಡುವುದು.

ನಾಲ್ಕನೆಯದು ಫ್ಲೋಟ್ ಕೋಣೆ. ಹೆಚ್ಚಿನ ದೋಷಗಳು ನೆಲಸುವ ಜಾಗವಿದು. ಬಾಗಿಲಿನ ಸೂಜಿಯಡಿಯಲ್ಲಿ ಕಸ ಸಿಕ್ಕಿದರೆ, ಸೂಜಿಯು ಸವೆದರೆ, ಇಲ್ಲವೆ ಹಳೆಯ ಕಾರಿಗೆ ಹೊಸದಾಗಿ ಕೂಡಿಸಿದ ವಿದ್ಯುತ್ ಪಂಪಿನ ಒತ್ತಡವು ಅತಿಯಾದರೆ, ಪೆಟ್ರೋಲಿನ ಮಟ್ಟವು ಏರುವುದು. ಹಿತ್ತಾಳೆಯ ಫ್ಲೋಟಿಗೆ ಕೂದಲೆಳೆಯಷ್ಟು ಬಿರುಕು ಬಿದ್ದರೂ ಒಳಗೆ ಪೆಟ್ರೋಲು ತುಂಬಿ ಅದು ಮುಳುಗುವುದು. ಕಿವಿಯ ಬಳಿ ಅಲುಗಿಸಿದರೆ ಸದ್ದು ಕೇಳುವುದು, ಬೆಂಕಿಯಿಂದ ದೂರದಲ್ಲಿ ಬಿಸಿನೀರಿನೊಳಗೆ ಅದ್ದಿದರೆ ಗುಳ್ಳೆಯೇಳುವುದು. ಇನ್ನೂ ಹಳೆಯ ಕಾರುಗಳಲ್ಲಿ ಅರಗು ಬಳಿದ ಬೆಂಡಿನ ಫ್ಲೋಟಿರುವುದುಂಟು. ಭಾರತದಲ್ಲಿ ಈಗ ಮಾರಾಟವಾಗುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಭಾಗದವರೆಗೆ ಎಥನಾಲ್ ಬೆರೆತಿರುವುದು. ಈ ಮದ್ಯಸಾರವು ಸ್ವಭಾವತಃ ಮಿಶ್ರಣವನ್ನು ತೆಳುಗೊಳಿಸತಕ್ಕದ್ದು. ಆದರೆ ಅದು ಅರಗನ್ನು ಕರಗಿಸುವುದರಿಂದ ಬೆಂಡು ನೆನೆದು ಭಾರವಾಗಿ, ಕೋಣೆಯು ಉಕ್ಕಿ, ಕೊನೆಗೆ ಗಾಢಮಿಶ್ರಣವೇ ಫಲಿಸುವುದು. ಐದನೆಯದು ಸವೆತ: ಬಹುವರ್ಷ ಉಜ್ಜಿದ ಸೂಜಿಯೂ ಜೆಟ್ಟೂ ಅಗಲವಾಗಿ ಹೆಚ್ಚಿನ ಪೆಟ್ರೋಲನ್ನು ಬಿಡುವುವು.

ಇವೆಲ್ಲವೂ ಸರಿಯಿವೆಯೆಂದು ಖಚಿತವಾದ ಮೇಲೆಯೇ, ಕಟ್ಟಕಡೆಗೆ, ಹೊಂದಿಸುವ ತಿರುಪಿಗೆ ಕೈಹಾಕತಕ್ಕದ್ದು. ಎಸ್.ಯು. ಯಂತ್ರವು ಕಾದು ನಿಧಾನವಾಗಿ ತಿರುಗುತ್ತಿರುವಾಗ ಅದರ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ ನೋಡುವರು. ವೇಗವು ಏರಿ ಹಾಗೆಯೇ ನಿಂತರೆ ಮಿಶ್ರಣವು ಗಾಢ. ಯಂತ್ರವು ಕೂಡಲೇ ಕುಗ್ಗಿದರೆ ತೆಳು. ಒಂದು ಕ್ಷಣ ತುಸು ಏರಿ ಮೊದಲಿನಂತಾದರೆ ಹದ. ಆದರೆ ಲೋಕದ ರೂಢಿಯಲ್ಲಿ ಎಲ್ಲರೂ ಮೊದಲು ಮುಟ್ಟುವುದು ಈ ತಿರುಪನ್ನೇ. ಮುಳುಗಿದ ಫ್ಲೋಟಿನ ದೋಷವನ್ನು ತಿರುಪಿನಿಂದ ಮುಚ್ಚಿದರೆ, ಮುಂದೆ ಫ್ಲೋಟನ್ನು ಸರಿಪಡಿಸಿದ ದಿನ ಯಂತ್ರವು ತೆಳುಮಿಶ್ರಣದಿಂದ ನಿಲ್ಲುವುದು. ಆಗ ಹೊಸ ಫ್ಲೋಟಿನ ಮೇಲೆಯೇ ತಪ್ಪು ಬೀಳುವುದು.

ಕಾರ್ಬ್ಯುರೇಟರಿನ ಯುಗವು ಮುಗಿದುದೂ ಈ ಹದದ ಕಾರಣದಿಂದಲೇ. ಹೊಗೆಯ ವಿಷವನ್ನು ಸುಡುವ ರಾಸಾಯನಿಕ ಶೋಧಕವನ್ನು ಕಾರುಗಳಿಗೆ ಅಳವಡಿಸಿದಾಗ, ಮಿಶ್ರಣವು ೧೪.೭ರ ಅಳತೆಯಿಂದ ಅಲುಗದಿರಬೇಕಾಯಿತು. ಬೆಂಗಳೂರಿನಲ್ಲಿ ಮೈಕೋ ಎಂಬ ಹೆಸರಿನಿಂದ ಪರಿಚಿತವಾದ ಉದ್ಯಮದ ಮೂಲಸಂಸ್ಥೆ ಬಾಷ್, ೧೯೭೬ರಲ್ಲಿ ವೋಲ್ವೋ ಕಾರುಗಳಿಗಾಗಿ ಹೊಗೆಯೊಳಗಿನ ಆಮ್ಲಜನಕವನ್ನು ಅಳೆಯುವ ಸಾಧನವೊಂದನ್ನು ತಂದಿತು. ಅಂದಿನಿಂದ ಯಂತ್ರವು ತನ್ನ ಉಸಿರನ್ನು ತಾನೇ ಪರೀಕ್ಷಿಸಿ, ಕ್ಷಣಕ್ಷಣಕ್ಕೂ ಹದವನ್ನು ತಿದ್ದಿಕೊಳ್ಳತೊಡಗಿತು. ಭಾರತದಲ್ಲಿ ೨೦೨೦ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಆರನೆಯ ಹಂತದ ನಿಯಮಗಳೊಡನೆ ಹೊಸ ದ್ವಿಚಕ್ರ ವಾಹನಗಳಿಂದಲೂ ಕಾರ್ಬ್ಯುರೇಟರು ಬಹುಮಟ್ಟಿಗೆ ಮರೆಯಾಯಿತು.

ಆದರೂ ಹಳೆಯ ಕಾರನ್ನು ಪ್ರೀತಿಯಿಂದ ಉಳಿಸಿಕೊಂಡವರ ಮನೆಗಳಲ್ಲಿ ಅದು ಇನ್ನೂ ಜೀವಂತವಾಗಿದೆ. ಅಲ್ಲಿ ಆಮ್ಲಜನಕವನ್ನಳೆಯುವ ಸಾಧನವಿಲ್ಲ. ಅದರ ಕೆಲಸವನ್ನು ಮನುಷ್ಯನ ಕಣ್ಣು, ಮೂಗು, ಕಿವಿಗಳೇ ಮಾಡಬೇಕು. ನುಣ್ಣಗೆ ಓಡುತ್ತಿರುವ ಬಂಡಿಯ ಪ್ಲಗ್ಗನ್ನೂ ವರ್ಷಕ್ಕೆ ಒಂದೆರಡು ಸಲ ಬಿಚ್ಚಿ ನೋಡುವ ಅಭ್ಯಾಸವನ್ನು ಅಂತಹ ಮನೆಯವರು ಇಟ್ಟುಕೊಂಡರೆ, ಸಿಲಿಂಡರುಗಳು ಉಳಿಯುವುವು, ಪೆಟ್ರೋಲು ಉಳಿಯುವುದು, ಗ್ಯಾರೇಜಿನ ಗಾಳಿಯೂ ಉಸಿರಾಡಲು ಯೋಗ್ಯವಾಗಿರುವುದು.